ಕೌದಿಯೊಳಗಿನ ಇಂಗ್ಲಿಷ್

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನಿಶ್ಚಿಂತೆಯಿಂದ ಬೇರೆಯವರನ್ನು ಆಡಿಕೊಳ್ಳಬಹುದು. ಇಂಗ್ಲೆಂಡಿನ ಒಂದು ವೃದ್ಧಾಶ್ರಮಕ್ಕೆ ನರ್ಸಾಗಿ ಹೋಗಲು ನನ್ನಕ್ಕ ವಿಡಿಯೋದಲ್ಲಿ ಸಂದರ್ಶನ ಕೊಡುತ್ತಿದ್ದಾಗ, ಲ್ಯಾಪ್‌ಟಾಪಿನ ಹಿಂದೆ ಕೂತು ಹಲ್ಲು ಕಟಕಟ ಕಡಿಯುತ್ತಾ, ಕಣ್ಣುಗುಡ್ಡೆ ಮೇಲೆ ಮಾಡಿ, ಗಡಗಡ ನಡುಗಿದವನು ನಾನು. ನನಗೆ ಜ್ವರ ಇರಲಿಲ್ಲ. ದೆವ್ವ ಬಡಿದಿರಲಿಲ್ಲ. ಅಕ್ಕನಿಗೆ ಒಂದು ಇಂಗ್ಲಿಷ್ ಪದ ನೆನಪು ಮಾಡಿಕೊಡುತ್ತಿದ್ದೆ, ಅಷ್ಟೆ.

ನನ್ನ ಕಸುಬು ಮೊಬೈಲ್ ರಿಪೇರಿ, ಚಟ ಅಣಕ. ಮನೆ ರೋಣದಲ್ಲಿ, ಅಂಗಡಿ ನರಗುಂದದಲ್ಲಿ. ದಿನಾ ಹೋಗಿಬರುವ ಬಸ್ಸಿನ ಹಿಂದಿನ ಸೀಟಿನಿಂದ ಕಂಡಕ್ಟರರ ದನಿ ತೆಗೆದು "ಮುಂದ ಸರೀರಿ, ಮುಂದ ಭಾಳ ಜಾಗಾ ಐತಿ" ಎಂದು ಕೂಗುತ್ತೇನೆ. ಜನ ಸರಿಯುತ್ತಾರೆ. ಕಂಡಕ್ಟರರು ತಮ್ಮ ದನಿ ತಮಗಿಂತ ಮೊದಲೇ ಹೊರಟಿದ್ದು ಕೇಳಿ ಹಿಂತಿರುಗಿ ನೋಡುತ್ತಾರೆ. ಅಂಗಡಿಯ ಮಾಲಕರು ಗಿರಾಕಿಗೆ "ನಾಳಿ ಬರ್ರಿ" ಅನ್ನುವ ಬಗೆ, ನರಗುಂದದ ಅತ್ತಿ ಫೋನಿನಲ್ಲಿ "ಇಡ್ಲಾ ಹಂಗಾರ?" ಎಂದು ಕೇಳಿ ಇಡದೇ ಇರುವ ಬಗೆ, ಎಲ್ಲಾ ಬರುತ್ತದೆ. ನನ್ನನ್ನೂ ಬಿಟ್ಟಿಲ್ಲ. ಮನೆಯಲ್ಲಿ ನನ್ನ ಮದುವೆಯ ಮಾತು ಬಂದಾಗ ನನ್ನ ದನಿ ಹೇಗೆ ಸಣ್ಣಗಾಗಿ ಮೂಗಿನಿಂದ ಹೊರಡುತ್ತದೆ ಎಂಬುದನ್ನು ನಾನೇ ಮಾಡಿ ತೋರಿಸಿದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ.

ಇಂಗ್ಲಿಷ್ ಮಾತ್ರ ನನ್ನ ಕೈಗೆ ಸಿಗದ ಮೀನು. ಹತ್ತನೇ ಇಯತ್ತೆಯಲ್ಲಿ ನಾನು ಇಂಗ್ಲಿಷ್ ಪಾಸಾದದ್ದು ಪೇಪರ್ ತಿದ್ದಿದವರ ದೊಡ್ಡ ಮನಸ್ಸಿನಿಂದ. ಆದರೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ರಿಪೇರಿಯಾದ ಮೊಬೈಲ್ ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವ ನೆಪದಲ್ಲಿ ವಿಡಿಯೋ ನೋಡುತ್ತಿರುತ್ತೇನೆ. ಹಾಗೊಮ್ಮೆ ಬೆರಳು ಜಾರಿ ಇಂಗ್ಲೆಂಡಿಗೆ ಹೋಗಿ ಬಿದ್ದೆ. ಒಬ್ಬ ಸೈಕಲ್ ರಿಪೇರಿ ಮಾಡುತ್ತಾ ಮಾತಾಡುತ್ತಿದ್ದ. ಒಬ್ಬ ಅಜ್ಜಿ ಹಿತ್ತಲಲ್ಲಿ ಗಜ್ಜರಿ ಕೀಳುತ್ತಾ ಮಾತಾಡುತ್ತಿದ್ದಳು. ಇಬ್ಬರದೂ ಇಂಗ್ಲಿಷೇ, ಆದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ. ನಾವು ಸಾಲೆಯಲ್ಲಿ ಓದಿದ ಇಂಗ್ಲಿಷ್ ಆ ಊರುಗಳಲ್ಲಿ ಬಾಡಿಗೆ ಮನೆಯಲ್ಲಿ ಇರುವಂತೆ ಕಂಡಿತು.

ಒಂದು ಬನ್ನು ತಗೊಳ್ಳಿ. ಅಂಗೈ ಅಗಲದ, ಬೇಕರಿಯ ಬನ್ನು. ಮ್ಯಾಂಚೆಸ್ಟರಿನವರು ಅದಕ್ಕೆ ಬಾರ್ಮ್ ಅನ್ನುತ್ತಾರೆ. ನಾಟಿಂಗ್‌ಹ್ಯಾಮಿನಲ್ಲಿ ಕಾಬ್. ಕವೆಂಟ್ರಿಯಲ್ಲಿ ಬ್ಯಾಚ್. ಯಾರ್ಕ್‌ಶೈರಿನ ಕೆಲವರಿಗೆ ಬ್ರೆಡ್‌ಕೇಕ್. ಇದರಲ್ಲಿ ಯಾವುದು ಖರೇ ಹೆಸರು ಎಂದು ಅವರು ವಿಡಿಯೋದ ಕೆಳಗೆ ಹೊಡೆದಾಡುವುದನ್ನು ನೋಡಿ ನನಗೆ ಆ ದೇಶದ ಮೇಲೆ ಮೊದಲ ಸಲ ಮಮತೆ ಹುಟ್ಟಿತು. ಇವರು ನಮ್ಮಂಥವರೇ! ಮನೆ ಮನೆ ನಡುವಿನ ಇಕ್ಕಟ್ಟು ಸಂದಿಗೆ ಗಿನ್ನೆಲ್ ಅನ್ನುತ್ತಾರೆ. ಮುಂದಿನ ಊರಿಗೆ ಹೋದರೆ ಸ್ನಿಕೆಟ್. ಕೆಲಸಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿಗೆ ಸ್ನ್ಯಾಪ್. ಚಹಾ ಮಾಡುವುದಕ್ಕೆ ಒಂದು ಕಡೆ ಬ್ರೂ, ಇನ್ನೊಂದು ಕಡೆ ಮ್ಯಾಶ್. ಸ್ವಲ್ಪ ತಂಗಾಳಿ ಬೀಸಿದರೆ ಮುದುಡಿಕೊಳ್ಳುವ ಮನುಷ್ಯನಿಗೆ ನೆಶ್. ಕಾಲಿಗೆ ಮೆತ್ತಿಕೊಂಡು ಬಿಡದ ಕೆಸರಿಗೆ ಕ್ಲಾರ್ಟಿ. ಈ ಕೊನೆಯ ಪದ ಕೇಳಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. ನರಗುಂದದ ಕರಿಮಣ್ಣಿನ ಎರಿಹೊಲದಲ್ಲಿ ಮಳೆಯಾದ ಮರುದಿನ ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದವನಿಗೆ ಆ ಪದದ ಅರ್ಥ ಹೇಳಬೇಕಾಗಿಲ್ಲ. ನಾಲ್ಕು ಹೆಜ್ಜೆಯ ಮೇಲೆ ಚಪ್ಪಲಿ ಇರುವುದಿಲ್ಲ, ಹೊಲ ಇರುತ್ತದೆ.

ಕಲಿತದ್ದನ್ನು ಎಲ್ಲಾದರೂ ಖರ್ಚು ಮಾಡಬೇಕಲ್ಲ. ರೋಣದ ಬೇಕರಿಗೆ ಹೋಗಿ, ಮ್ಯಾಂಚೆಸ್ಟರಿನವರ ಹಾಗೆ ಗದ್ದ ಮುಂದೆ ಮಾಡಿ, "ಅಣ್ಣಾರ, ಒಂದು ಬಾರ್ಮ್ ಕೊಡ್ರಿ" ಅಂದೆ.

ಬೇಕರಿಯವರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಕೈಯಲ್ಲಿದ್ದ ಖಾರದ ಪೊಟ್ಟಣಕ್ಕೆ ದಾರ ಸುತ್ತುತ್ತಲೇ ಇದ್ದರು.

"ಏನದು?"

"ಕಾಬ್ ರೀ. ಬ್ಯಾಚ್."

"ಎಲ್ಲೈತಿ?"

"ಅಗೋ, ನಿಮ್ಮ ಹಿಂದ, ಗಾಜಿನ್ಯಾಗ."

ಅವರು ಹಿಂತಿರುಗಿ ನೋಡಿ, ಬನ್ನು ತೆಗೆದು ನನ್ನ ಮುಂದಿಟ್ಟು ಹೇಳಿದರು: "ತಮ್ಮಾ, ನೀ ಎಷ್ಟು ಹೆಸರು ಕರದ್ರೂ ಒಂದ ಕೊಡಾಂವ."

ಇಷ್ಟಕ್ಕೇ ನಿಂತಿದ್ದರೆ ನಾನು ಊರಿಗೆ ಮಾತ್ರ ಉಪದ್ರವವಾಗಿ ಉಳಿಯುತ್ತಿದ್ದೆ. ಆದರೆ ಅದೇ ಹೊತ್ತಿಗೆ ಅಕ್ಕನ ಸಂದರ್ಶನ ಬಂತು.

ಅಕ್ಕ ಗಜೇಂದ್ರಗಡದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ನನ್ನ ತದ್ವಿರುದ್ಧ. ನಾನು ಉಸಿರಾಡುವುದಕ್ಕಾಗಿ ಮಾತು ನಿಲ್ಲಿಸುವವನು. ಅವಳು ಕೇಳಿದ್ದಕ್ಕೆ ಮಾತ್ರ, ಅದೂ ಒಂದು ಕ್ಷಣ ತಡೆದು, ಉತ್ತರ ಕೊಡುವವಳು. ನರ್ಸಿಂಗ್ ಓದುವಾಗಿನಿಂದ ಅವಳಿಗೆ ಒಮ್ಮೆ ಹೊರದೇಶದಲ್ಲಿ ಕೆಲಸ ಮಾಡಿ ನೋಡಬೇಕೆಂಬ ಆಸೆ. ಇಂಗ್ಲಿಷ್ ಪರೀಕ್ಷೆಯನ್ನು ರಾತ್ರಿ ಪಾಳಿಯ ನಡುವೆ ಓದಿ ಪಾಸು ಮಾಡಿಕೊಂಡಿದ್ದಳು. ಆದರೆ ಮೊದಲ ಸಂದರ್ಶನದಲ್ಲಿ ಬಿದ್ದುಹೋದಳು. ಹುಬ್ಬಳ್ಳಿಯ ಏಜೆಂಟರು ಫೋನು ಮಾಡಿ, "ನಿಮ್ಮ ಕೆಲಸದ ಬಗ್ಗೆ ಏನೂ ತಕರಾರಿಲ್ಲರಿ. ನೀವು ಭಾಳ ಗಪ್ ಕುಂದರ್ತೀರಿ. ಅಲ್ಲೀ ಜನರ ಜೋಡಿ ಬೆರಿಯೂವಂಗ ಕಾಣಬೇಕ್ರಿ" ಎಂದಿದ್ದರು. ಈಗ ಎರಡನೆಯ ಅವಕಾಶ. ಲ್ಯಾಂಕಾಶೈರಿನ ಒಂದು ಸಣ್ಣ ಊರಿನ ವೃದ್ಧಾಶ್ರಮ.

ಅಪ್ಪ ಊಟಕ್ಕೆ ಕೂತಾಗ ತಾಟಿನಿಂದ ಮುಖ ಎತ್ತದೆ ಅಂದ: "ಇದೊಂದ ಸಲ, ಯವ್ವಾ. ಇದೂ ಆಗಲಿಲ್ಲಂದ್ರ ಇಂಗ್ಲಂಡಿನ ಸುದ್ದಿ ಮತ್ತ ಈ ಮನ್ಯಾಗ ಬರಬಾರದು. ಅತ್ತಿ ತಂದ ನರಗುಂದದ ಸಂಬಂಧಕ್ಕ ಹೂಂ ಅನ್ನೂಣು."

ಅಕ್ಕ ಒಂದು ಕ್ಷಣ ತಡೆದು "ಹೂಂ" ಅಂದಳು. ಆ ಹೂಂ ಯಾವುದಕ್ಕೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಆದರೆ ರೊಟ್ಟಿ ಮುರಿಯುವ ಅವಳ ಕೈ ನಿಂತದ್ದನ್ನು ನಾನು ನೋಡಿದೆ.

ಅವತ್ತೇ ನಾನು ಅವಳ ಮಾಸ್ತರನಾದೆ. ನನ್ನ ಲೆಕ್ಕ ಸರಳವಾಗಿತ್ತು: ಬೆರೆಯಬೇಕು ಅಂದರೆ ಅವರ ಊರಿನ ಮಾತಾಡಬೇಕು. ಗದಗಿನಲ್ಲಿ ಯಾರೋ ಬೆಂಗಳೂರಿನ ಸಾಹೇಬರು ಬಂದು "ಚಲೋ ಐತ್ರಿ" ಅಂದುಬಿಟ್ಟರೆ ನಾವು ಹೇಗೆ ಕರಗಿ ನೀರಾಗುತ್ತೇವೆ! ಹಾಗೆಯೇ ಆ ಮೇಡಂ ಕರಗುತ್ತಾರೆ.

"ನನಗ ಬ್ಯಾಡಲೇ ಇದು," ಅಂದಳು ಅಕ್ಕ. "ನನ್ನ ಬಾಯಾಗ ಚಲೋ ಅನಸೂದಿಲ್ಲ."

"ಹಂಗಾದ್ರ ಹೋದ ಸಲದಂಗ ಗಪ್ ಕುಂದರು. ಅತ್ತಿ ಸೀರಿ ಆರಿಸಾಕತ್ತಾಳ."

ಅದು ಸ್ವಲ್ಪ ಜೋರಾಯಿತು ಅನ್ನಿಸಿತು. ಆದರೆ ಕೆಲಸ ಮಾಡಿತು. ಜೊತೆಗೆ ಲ್ಯಾಪ್‌ಟಾಪು ನನ್ನ ಕೈಯಲ್ಲಿತ್ತು. ಮಾಲಕರು ಮೂಲೆಗೆ ಎಸೆದಿದ್ದ ಹಳೆಯದನ್ನು ಬೇಡಿ ತಂದಿದ್ದೆ. ಅದರ ಪರದೆ ಕುತ್ತಿಗೆ ಮುರಿದ ಕೋಳಿಯ ಹಾಗೆ ಹಿಂದಕ್ಕೆ ಬೀಳುತ್ತಿತ್ತು. ಹಿಂದೆ ಒಂದು ತುಂಬಿದ ತಂಬಿಗೆ ಇಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು.

ಪಾಠ ಶುರುವಾಯಿತು. ಅಕ್ಕ ಪಾಳಿ ಮುಗಿಸಿ ಗಜೇಂದ್ರಗಡದ ಬಸ್ ಇಳಿದು ಬರುವಷ್ಟರಲ್ಲಿ ನಾನು ಪಡಸಾಲೆಯಲ್ಲಿ ಸಿದ್ಧನಾಗಿರುತ್ತಿದ್ದೆ. ಅವಳು ಕೈಕಾಲು ತೊಳೆಯುತ್ತಿದ್ದರೆ ನಾನು ಬಚ್ಚಲ ಬಾಗಿಲಲ್ಲಿ "ಗಿನ್ನೆಲ್?" ಅನ್ನುತ್ತಿದ್ದೆ. ಒಳಗಿನಿಂದ "ಸಂದಿ" ಎಂದು ಉತ್ತರ ಬರುತ್ತಿತ್ತು. "ಸ್ನ್ಯಾಪ್?" "ಬುತ್ತಿ." "ನೆಶ್?" "ಚಳಿಗೆ ಅಂಜಾಂವ." "ಅಂಜಾಕಿ ಯಾರೂ ಇಲ್ಲೇನು?" "ನೀ ಒಬ್ಬನ ಸಾಕಲೇ."

ಒಂದು ಸಂಜೆ ಮರ್ಯಾದೆಯ ಮಾತುಗಳ ಪಾಠ ಇಟ್ಟುಕೊಂಡೆ. ಆ ಕಡೆ ಅಂಗಡಿಯವರು, ಬಸ್ಸಿನವರು, ಮುದುಕರು, ಗುರುತಿಲ್ಲದವರನ್ನೂ 'ಲವ್' ಎಂದು ಕರೆಯುತ್ತಾರೆ. ನಾನು ಮುದುಕನ ದನಿಯಲ್ಲಿ "ಮಾರ್ನಿಂಗ್, ಲವ್" ಅಂದೆ. ಅಕ್ಕ ಅದನ್ನೇ ತಿರುಗಿ ನನಗೆ ಹೇಳಬೇಕಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಸಾರು ತಿರುವುವ ಹುಟ್ಟು ಹಿಡಿದು ಬಂದಳು.

"ಏನ್ ಕಲಸಾಕತ್ತೀಯೋ ಅಕಿಗೆ?"

"ಅಲ್ಲೆ ಹಂಗ ಕರೀತಾರವ್ವಾ. ನಾವು ಯಪ್ಪಾ, ಯವ್ವಾ, ಅಣ್ಣಾರ ಅನ್ನೂದಿಲ್ಲೇನು? ಹಂಗ."

"ಕಂಡಕಂಡಾವ್ರಿಗೆಲ್ಲಾ?"

"ಎಲ್ಲಾರ್ಗೂ."

ಅವ್ವ ಹುಟ್ಟನ್ನು ನನ್ನ ಮೂಗಿನ ಹತ್ತಿರ ತಂದಳು. "ಹಂಗಾದ್ರ ನಾಳಿ ಮುಂಜಾನಿ ನೀ ನಿಮ್ಮ ಕಂಡಕ್ಟರಿಗೆ ಅಂದು ಬಾ. ಹಲ್ಲು ಎಲ್ಲಾ ಬಾಯಾಗ ಉಳದ್ರ ಆಮ್ಯಾಲೆ ಅಕಿಗೆ ಕಲಸು."

'ಲವ್' ಪಾಠಪಟ್ಟಿಯಿಂದ ಹೋಯಿತು.

ಇದನ್ನೆಲ್ಲ ಮೂಲೆಯ ಹೊರಸಿನ ಮೇಲೆ ಕೂತು ನೋಡುತ್ತಿದ್ದವಳು ಆಯಿ, ನಮ್ಮಪ್ಪನ ತಾಯಿ. ಹೊಳೆಮಣ್ಣೂರಿನವಳು. ಮಲಪ್ರಭೆ ಹೊಳೆ ಉಕ್ಕಿ ಮನೆಯೊಳಗೆ ಬಂದ ವರ್ಷ ನಮ್ಮ ಜೊತೆ ಬಂದು ರೋಣದಲ್ಲಿ ಉಳಿದವಳು. ಬರುವಾಗ ಎರಡು ವಸ್ತು ಬಿಟ್ಟುಕೊಡಲಿಲ್ಲ: ಅವಳೇ ಹೊಲಿದ ಕೌದಿಗಳ ಗಂಟು, ಮತ್ತು ಅಂಚು ಎತ್ತರವಿರುವ ಊಟದ ಗಂಗಾಳ. ಆ ಕೌದಿಗಳಲ್ಲಿ ನಮ್ಮ ಮನೆತನದ ಹಳೆಯ ಸೀರೆಗಳೆಲ್ಲ ಇವೆ. ಹೊದ್ದರೆ ಮೈಮೇಲೆ ಪೂರ್ತಿ ಬೀಗರ ಬಳಗ ಕೂತಷ್ಟು ಭಾರ. ಆಯಿಗೆ ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಕೇಳಿಸಿದ್ದಕ್ಕಿಂತ ಕಂಡದ್ದನ್ನೇ ನಂಬುತ್ತಾಳೆ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಸಂದರ್ಶನದ ಹಿಂದಿನ ದಿನ ಅಕ್ಕ ಸೋತ ಮುಖ ಮಾಡಿದಳು. "ಯಾವ ಪದ ಯಾವಾಗ ಅನ್ಬೇಕು ಅನ್ನೂದ ತಿಳಿವಲ್ದಲೇ. ಎಲ್ಲಾ ಕಲಸಿ ಹೋಗ್ಯಾವು."

"ಅದರ ಚಿಂತಿ ಬಿಡು. ನಾ ಲ್ಯಾಪ್‌ಟಾಪಿನ ಹಿಂದ ಕುಂದರ್ತೀನಿ. ಬಾಯಿ ಬಿಡೂದಿಲ್ಲ. ಬರೇ ಅಭಿನಯ. ಚಾ ಸುರಿದಂಗ ಮಾಡಿದ್ರ ಬ್ರೂ. ಬುತ್ತಿ ಗಂಟು ಕಟ್ಟಿದಂಗ ಮಾಡಿದ್ರ ಸ್ನ್ಯಾಪ್. ನಡುಗಿದ್ರ ನೆಶ್."

"ಮೇಡಮ್ಮರಿಗೆ ಗೊತ್ತಾದ್ರ?"

"ಅವ್ರಿಗೆ ಕಾಣೂದು ನೀ. ನಾ ಹಿಂದ ಇರ್ತೀನಿ."

ಅವಳು ಒಂದು ಕ್ಷಣ ತಡೆದಳು. ಆ ಕ್ಷಣದಲ್ಲಿ ಬೇಡ ಅಂದಿದ್ದರೆ ಚಲೋ ಇತ್ತು. ಅನ್ನಲಿಲ್ಲ. ಅಷ್ಟು ಅಂಜಿದ್ದಳು.

ಮರುದಿನ ಮಧ್ಯಾಹ್ನ, ಅವರಿಗೆ ಮುಂಜಾನೆ. ಅಕ್ಕ ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ಮೇಜಿನ ಮುಂದೆ. ಪರದೆಯ ಹಿಂದೆ ತಂಬಿಗೆ. ತಂಬಿಗೆಯ ಹಿಂದೆ ನಾನು, ನೆಲದ ಮೇಲೆ ಮಂಡಿಯೂರಿ. ನನ್ನ ಬೆನ್ನಿಗೆ ಹತ್ತಿ ಆಯಿಯ ಹೊರಸು. ಆಯಿ ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. 'ಸಪ್ಪಳ ಮಾಡಬ್ಯಾಡ' ಎಂದು ಹೇಳಿದ್ದರಿಂದ ಒಂದೊಂದು ಕಾಯನ್ನೂ ಸೆರಗಿನೊಳಗೆ ಹಿಡಿದು ಒಡೆಯುತ್ತಿದ್ದಳು. ಅವ್ವ ಅಡುಗೆಮನೆಯಲ್ಲಿ. ಅಪ್ಪ ತಡೆಯಲಾರದೆ ಹೊರಗೆ ಕಟ್ಟೆಯ ಮೇಲೆ.

ಮೇಡಂ ಬಂದರು. ನನಗೆ ಬರೀ ದನಿ. ಅಂಗಡಿಯಲ್ಲಿ ಕೇಳಿದ ವಿಡಿಯೋಗಳದೇ ದನಿ, ತುಸು ಗಟ್ಟಿ, ತುಸು ಅವಸರ. ಹೆಸರು, ಓದು, ದವಾಖಾನೆ ಎಂದು ಕೇಳಿದರು. ಅಕ್ಕ ಕೇಳಿದಷ್ಟಕ್ಕೆ ಹೇಳಿದಳು. ಆಮೇಲೆ ಅವರು, ನಮ್ಮಲ್ಲಿ ಬಹಳ ಚಳಿ, ಕತ್ತಲೂ ಬೇಗ ಆಗುತ್ತದೆ, ನಿಮ್ಮದು ಬಿಸಿಲಿನ ಊರು, ತಾಳಿಕೊಳ್ಳುತ್ತೀರಾ ಎಂದು ಕೇಳಿದರು.

ನೆಶ್! ಇದಕ್ಕಿಂತ ತಕ್ಕ ಜಾಗ ಬೇರೆ ಸಿಗಲಾರದು. 'ನಾನೇನೂ ನೆಶ್ ಅಲ್ಲ ಮೇಡಂ' ಅಂದುಬಿಟ್ಟರೆ ಕೆಲಸ ಕೈಗೆ ಬಂದಂತೆ. ನಾನು ನಡುಗಿದೆ. ಅಕ್ಕ ನೋಡಿದಳು, ಆದರೆ ಪದ ಬರಲಿಲ್ಲ. ಇನ್ನೂ ಜೋರಾಗಿ ನಡುಗಿದೆ. ಅವಳ ತುಟಿ ಅಲುಗಿತು, ಪದ ಬರಲಿಲ್ಲ. ಕಲಾವಿದನಾದವನು ಇಂಥಲ್ಲಿ ಕೈ ಬಿಡಬಾರದು. ಹಲ್ಲು ಕಡಿದೆ. ಕಣ್ಣು ಮೇಲೆ ಮಾಡಿದೆ. ಭುಜ, ಕುತ್ತಿಗೆ, ಗದ್ದ ಎಲ್ಲ ಬೇರೆ ಬೇರೆ ದಿಕ್ಕಿಗೆ ಹೋಗುವಂತೆ ಅಲುಗಿಸಿದೆ.

ಹಿಂದಿನಿಂದ ಮೊರ ನೆಲಕ್ಕೆ ಬಿದ್ದ ಸಪ್ಪಳ.

"ಯವ್ವಾ! ಹುಡುಗಗ ಚಳಿಜ್ವರ ಬಂತಲ್ಲೋ!"

ನಾನು ತಿರುಗಿ ಅಲ್ಲ ಅನ್ನುವಷ್ಟರಲ್ಲಿ ಲೋಕ ಕತ್ತಲಾಯಿತು. ನಮ್ಮ ಮನೆತನದ ಸೀರೆಗಳೆಲ್ಲ ಒಮ್ಮೆಗೇ ನನ್ನ ಮೇಲೆ ಬಿದ್ದವು. ಆಯಿ ಕೌದಿ ಮುಚ್ಚಿ, ನನ್ನ ರಟ್ಟೆ ಹಿಡಿದು ಹೊರಸಿನ ಮೇಲೆ ಎಳೆದು ಕೆಡವಿ, ನನ್ನ ಮೇಲೆ ಅರ್ಧ ಕೂತೇಬಿಟ್ಟಳು.

"ಆಯೀ, ನನಗೇನೂ ಆಗಿಲ್ಲ…"

"ಬಡಬಡಸಾಕ ಹತ್ಯಾನ! ಉಳ್ಳಾಗಡ್ಡಿ ಜಜ್ಜಿಕೊಂಡು ಬಾರ!"

ಅವ್ವನ ಕಾಲಸಪ್ಪಳ ಕೇಳಿತು. ಕೌದಿಯ ಅಂಚು ಎತ್ತಿ ಒಂದು ಕೈ ಒಳಗೆ ಬಂದು ಜಜ್ಜಿದ ಉಳ್ಳಾಗಡ್ಡಿಯನ್ನು ನನ್ನ ಮೂಗಿಗೆ ಒತ್ತಿತು. ಕಣ್ಣಲ್ಲಿ ನೀರು ಧಾರಾಕಾರ. ಆಯಿ ಅಕ್ಕನ ಕಡೆ ಕೂಗುತ್ತಿದ್ದಳು: "ನೀ ಎಂಥಾ ನರ್ಸವಾ? ತಮ್ಮ ಇಲ್ಲೆ ಸಾಯಾಕತ್ತಾನ, ನೀ ಆ ಡಬ್ಬಿ ಮುಂದ ನಕ್ಕೋತ ಕುಂತೀ!"

ಡಬ್ಬಿಯಿಂದ ಮೇಡಂ ದನಿ ಬಂತು. ಅಲ್ಲಿ ಏನಾಗುತ್ತಿದೆ? ಯಾರಿಗಾದರೂ ಆರಾಮ ಇಲ್ಲವೇ?

ಕೌದಿಯ ಕತ್ತಲಲ್ಲಿ ನನಗೆ ದಾರಿ ಹೊಳೆದಿತ್ತು. ನನ್ನ ತಮ್ಮನಿಗೆ ಜ್ವರ ಅಂದುಬಿಡು ಅಕ್ಕಾ! ಅಯ್ಯೋ ಪಾಪ ಅನ್ನುತ್ತಾರೆ, ಇನ್ನೊಂದು ದಿನ ಕೊಡುತ್ತಾರೆ, ಎಲ್ಲ ಸುಸೂತ್ರ. ಅಕ್ಕ ಒಂದು ಕ್ಷಣ ತಡೆದಳು. ಆ ಕ್ಷಣ ನರಗುಂದದಿಂದ ರೋಣದ ತನಕ ಉದ್ದವಾಗಿತ್ತು.

"ಇಲ್ಲ ಮೇಡಂ," ಅಂದಳು ಇಂಗ್ಲಿಷಿನಲ್ಲಿ. "ನನ್ನ ತಮ್ಮ ಆರಾಮ ಇದ್ದಾನೆ. ನನಗೆ ಪದಗಳನ್ನು ಸನ್ನೆ ಮಾಡಿ ತೋರಿಸುತ್ತಿದ್ದ. ಅಜ್ಜಿಗೆ ಅವನಿಗೆ ಜ್ವರ ಅನ್ನಿಸಿತು. ನನ್ನ ತಪ್ಪು. ಅವನು ಅಲ್ಲಿ ಇರಬಾರದಿತ್ತು."

ನಾನು ಕೌದಿಯೊಳಗೆ ಕಣ್ಣು ಮುಚ್ಚಿದೆ. ಹೋಯಿತು ಇಂಗ್ಲೆಂಡು. ಅತ್ತಿಯ ಸೀರೆ ಕಣ್ಣೆದುರು ಬಂತು.

"ಯಾವ ಪದ?" ಎಂದು ಕೇಳಿದರು ಮೇಡಂ. ದನಿಯಲ್ಲಿ ನಗು ಇರಲಿಲ್ಲ.

"ನೆಶ್."

"ಇನ್ನೂ?"

ಅಕ್ಕ ಹೇಳುತ್ತಾ ಹೋದಳು. ಗಿನ್ನೆಲ್, ಸ್ನಿಕೆಟ್, ಸ್ನ್ಯಾಪ್, ಕಾಬ್, ಬ್ಯಾಚ್, ಕ್ಲಾರ್ಟಿ. ಬಚ್ಚಲ ಬಾಗಿಲಲ್ಲಿ ಕಲಿಸಿದ್ದೆಲ್ಲ ಬಂತು, ಒಂದೂ ಬಿಡದೆ, ಈಗ ಬೇಡವಾದಾಗ. ಆಮೇಲೆ ಮೇಡಂ ಹೇಳಿದರು: ಇದರಲ್ಲಿ ಅರ್ಧ ಪದ ನಮ್ಮ ಊರಿನವೇ ಅಲ್ಲ. ಐದು ಊರಿನವರನ್ನು ಒಂದೇ ಬಸ್ಸಿಗೆ ತುಂಬಿದ ಹಾಗಿದೆ. 'ನೆಶ್' ಮಾತ್ರ ನನ್ನ ಅತ್ತೆ ನನಗೆ ಪ್ರತಿ ಚಳಿಗಾಲ ಬೈಯುವ ಮಾತು.

ಅಷ್ಟು ಹೇಳಿ ಮತ್ತೆ ಗಟ್ಟಿಯಾದರು. ಸಂದರ್ಶನದಲ್ಲಿ ಹೀಗೆ ಮಾಡುವಂತಿಲ್ಲ. ಮುಂದುವರಿಯಬೇಕಾದರೆ ಕೋಣೆಯಲ್ಲಿರುವ ಎಲ್ಲರೂ ನನಗೆ ಕಾಣಬೇಕು, ಯಾರೂ ಬಾಯಿ ಬಿಡಬಾರದು, ಕೈ ಆಡಿಸಬಾರದು.

ಅಕ್ಕ ಎದ್ದು ಲ್ಯಾಪ್‌ಟಾಪು ತಿರುಗಿಸಿದಳು. ಪರದೆ ಹಿಂದಕ್ಕೆ ಬಿತ್ತು, ಒಂದಷ್ಟು ಹೊತ್ತು ಅವರಿಗೆ ನಮ್ಮ ಮನೆಯ ಜಂತಿ ಕಂಡಿತು. ಮತ್ತೆ ತಂಬಿಗೆ ಇಟ್ಟು ನಿಲ್ಲಿಸಿದಳು. ತಾನೂ ಮೇಜಿನ ಈ ಕಡೆ ಬಂದು ಕೂತಳು. ಈಗ ಅಕ್ಕ ಮುಂದೆ. ಅವಳ ಹಿಂದೆ ಹೊರಸು. ಹೊರಸಿನ ಮೇಲೆ ನೆಟ್ಟಗೆ ಕೂತ ಆಯಿ. ಆಯಿಯ ಕೈಯ ಕೆಳಗೆ ಕೌದಿಯ ಒಂದು ದೊಡ್ಡ ಗಂಟು. ಆ ಗಂಟು ನಾನು.

ಮೇಡಂ ಕೇಳಿದರು: ನಮ್ಮಲ್ಲಿ ಒಬ್ಬ ಅಜ್ಜ ಇದ್ದಾರೆ ಅಂದುಕೊಳ್ಳಿ. ನೆನಪು ಕೈಕೊಟ್ಟಿದೆ. ಮುಂಜಾನೆಯಿಂದ ಏನೋ ಬೇಕು ಎಂದು ಕೂಗುತ್ತಿದ್ದಾರೆ. ಏನೆಂದು ಯಾರಿಗೂ ತಿಳಿಯುತ್ತಿಲ್ಲ. ಊಟ ಮುಟ್ಟುತ್ತಿಲ್ಲ. ನೀವು ಏನು ಮಾಡುತ್ತೀರಿ?

ಅಕ್ಕ ಎರಡು ಸಲ ಉಸಿರು ಎಳೆದುಕೊಂಡಳು. ಈ ಪ್ರಶ್ನೆಗೆ ನಾನು ಉತ್ತರ ಕಲಿಸಿದ್ದೆ! 'ಬಾರಪ್ಪಾ, ಒಂದು ಬ್ರೂ ಕುಡಿಯೋಣ' ಅಂತ ಲ್ಯಾಂಕಾಶೈರಿನ ರಾಗದಲ್ಲಿ ಶುರು ಮಾಡಬೇಕಿತ್ತು. ತಡೆಯಲಾರದೆ ಕೌದಿಯೊಳಗಿಂದ ಒಂದು ಕೈ ಹೊರಗೆ ಹಾಕಿದೆ, ಚಹಾ ಸುರಿಯೋಣವೆಂದು. ಆಯಿ ಪಟ್ಟನೆ ಹೊಡೆದಳು.

"ಸುಮ್ಮನ ಬೀಳೋ ಭಾಡ್ಯಾ. ಬೆವರು ಬರಲಿ."

ಕೈ ಒಳಗೆ ಹೋಯಿತು. ಆಗ ಅಕ್ಕ ಮಾತಾಡಿದಳು. ನನ್ನ ರಾಗವಿಲ್ಲ, ನನ್ನ ಪದವಿಲ್ಲ. ಅವಳದೇ, ರಾತ್ರಿ ಪಾಳಿಯ ನಡುವೆ ಓದಿದ ಇಂಗ್ಲಿಷ್, ಒಂದೊಂದೇ ಮಾತು ಇಟ್ಟು.

"ನನ್ನ ಹಿಂದೆ ಕೂತವರು ನನ್ನ ಅಜ್ಜಿ, ಮೇಡಂ. ಹಿಂದೊಮ್ಮೆ ಜ್ವರ ಬಂದು ನಮ್ಮ ದವಾಖಾನೆಯಲ್ಲೇ ಮಲಗಿದ್ದರು. ನನಗೆ ಬೇರೆ ವಾರ್ಡಿನಲ್ಲಿ ಪಾಳಿ. ಊಟ ತಂದರೆ ಗಂಗಾಳ, ಗಂಗಾಳ ಅಂತ ಕೂಗಿ ತಳ್ಳುತ್ತಿದ್ದರಂತೆ. ಅಲ್ಲಿದ್ದ ಹುಡುಗಿ ಕರಾವಳಿಯ ಕಡೆಯವಳು, ಅದು ಯಾರದೋ ಹೆಸರು ಅಂದುಕೊಂಡಿದ್ದಳು. ನಾನು ಬಂದು ನೋಡಿದೆ. ದವಾಖಾನೆಯದು ಚಪ್ಪಟೆ ತಾಟು. ಅಜ್ಜಿ ಹುಟ್ಟಿದಾಗಿನಿಂದ ಅಂಚಿರುವ ಗಂಗಾಳದಲ್ಲಿ ಉಂಡವರು. ಮನೆಯಿಂದ ತರಿಸಿದೆ, ಉಂಡರು. ನಿಮ್ಮ ಅಜ್ಜನೂ ಏನೋ ಒಂದು ವಸ್ತುವಿನ ಹೆಸರೇ ಹೇಳುತ್ತಿರಬಹುದು, ಅವರ ಸಣ್ಣಂದಿನ ಮನೆಯ ಹೆಸರು. ಅವರ ಮನೆಯವರನ್ನು ಕೇಳುತ್ತೇನೆ. ಮನೆಯವರು ಇಲ್ಲದಿದ್ದರೆ ಅವರ ಊರಿನ ಬೇರೆ ಅಜ್ಜಂದಿರನ್ನು ಕೇಳುತ್ತೇನೆ. ಅವರಿಗೆ ನನ್ನ ಮಾತು ಕಲಿಸುವುದಿಲ್ಲ ಮೇಡಂ. ಅವರದನ್ನು ನಾನು ಕಲಿಯುತ್ತೇನೆ."

ಕೌದಿಯೊಳಗೆ ನನ್ನ ಕಣ್ಣಲ್ಲಿ ಇನ್ನೂ ನೀರು ಬರುತ್ತಿತ್ತು. ಉಳ್ಳಾಗಡ್ಡಿಯದು.

ಇನ್ನೂ ಏನೇನೋ ಕೇಳಿದರು. ಔಷಧಿ, ಪಾಳಿ, ಬಿದ್ದ ಮುದುಕರನ್ನು ಎತ್ತುವ ರೀತಿ. ಅಕ್ಕ ಪ್ರತಿ ಸಲ ತಡೆದು, ಆಮೇಲೆ ಹೇಳಿದಳು. ಮೇಡಂ ಕಾಯುವುದನ್ನು ಕಲಿತಿದ್ದರು. ಕೊನೆಗೆ ಅವರು ಮುಗಿಸುವ ಮಾತು ಆಡುತ್ತಿದ್ದಾಗ ಆಯಿಗೆ ತಡೆಯಲಿಲ್ಲ. ಎದುರಿಗೆ ಒಬ್ಬಾಕಿ ಇಷ್ಟು ಹೊತ್ತು ಮಾತಾಡಿದ್ದಾಳೆ, ಯಾರೂ ಏನೂ ಕೊಟ್ಟಿಲ್ಲ.

"ಅಕಿದು ಚಾ ಆತೇನ ಕೇಳು."

"ಆಯೀ, ಗಪ್ಪ."

"ಕೇಳೂದಕ್ಕೇನಾಗೈತಿ?"

ಅಕ್ಕ ಕೇಳಿದಳು. ಮೇಡಂ ಅವತ್ತು ಮೊದಲ ಸಲ ಬಾಯಿತುಂಬ ನಕ್ಕು, ಇಲ್ಲ, ಇನ್ನೂ ಆಗಿಲ್ಲ, ಈಗ ಒಂದು ಬ್ರೂ ಬೇಕೇ ಬೇಕು ಅಂದರು.

ಬ್ರೂ! ನನ್ನ ಪದ! ಲ್ಯಾಂಕಾಶೈರಿನ ಬಾಯಿಂದಲೇ ಬಂತು! ನಾನು ಕೌದಿಯೊಳಗೆ ಎರಡೂ ಕಾಲು ಜಾಡಿಸಿ ಕುಣಿದೆ.

"ನೋಡಿಲ್ಲಿ, ಮತ್ತ ನಡುಗು ಬಂತು!" ಎಂದು ಆಯಿ ಇನ್ನೊಂದು ಕೌದಿ ಎಳೆದು ಮೇಲೆ ಹಾಕಿದಳು.

ಉತ್ತರ ಬರುವ ತನಕ ಅಕ್ಕ ನನ್ನೊಂದಿಗೆ ಮಾತಾಡಲಿಲ್ಲ. ನಾನು ಎದುರಿಗೆ ಬಂದರೆ ಸುಮ್ಮನೆ ಕೌದಿಯ ಕಡೆ ನೋಡುತ್ತಿದ್ದಳು. ನಾನು ಕೂಡ ಆ ದಿನಗಳಲ್ಲಿ ಬಸ್ಸಿನಲ್ಲಿ ಯಾರ ದನಿಯನ್ನೂ ತೆಗೆಯಲಿಲ್ಲ. ಕಂಡಕ್ಟರರೇ ಕೇಳಿದರು, "ಯಾಕಲೇ, ಆರಾಮ ಇಲ್ಲೇನು?" ಎಂದು. ಆಮೇಲೆ ಒಂದು ಮುಂಜಾನೆ ಏಜೆಂಟರ ಫೋನು ಬಂತು. ಆಯ್ಕೆಯಾಗಿದೆ. ಅಪ್ಪ ಫೋನು ಇಟ್ಟು, ಅಕ್ಕನ ಮುಖ ನೋಡಿ, "ಅತ್ತಿಗೆ ನೀನ ಹೇಳ್ತೀಯೋ, ನಾ ಹೇಳ್ಲೋ?" ಅಂದ. ಅಷ್ಟೇ ಅವನ ಸಂಭ್ರಮ. ಅಕ್ಕ ಈ ಸಲ ತಡೆಯಲಿಲ್ಲ. "ನಾನ ಹೇಳ್ತೀನಿ" ಅಂದಳು.

ಈಗ ಅವಳು ಅಲ್ಲಿದ್ದಾಳೆ. ಚಳಿಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಫೋನಿನಲ್ಲಿ ಕಾಣಿಸುತ್ತಾಳೆ. ನೆಶ್ ಅಂದರೆ ಅವಳೇ ಎಂದು ನಾನು ಹೇಳಿದರೆ ಫೋನು ಕಟ್. ಮೊನ್ನೆ ಪಡಸಾಲೆಯಲ್ಲಿ ಎಲ್ಲರೂ ಕೂತು ಮಾತಾಡುತ್ತಿದ್ದೆವು. ಅಕ್ಕ ಒಂದು ಸುದ್ದಿ ಹೇಳಿದಳು. ಅವಳ ಆಶ್ರಮಕ್ಕೆ ನಾಟಿಂಗ್‌ಹ್ಯಾಮಿನ ಕಡೆಯ ಒಬ್ಬ ಮುದುಕ ಬಂದಿದ್ದಾನಂತೆ. ಅವನು ಮ್ಯಾಶ್ ಮಾಡು, ಮ್ಯಾಶ್ ಮಾಡು ಅನ್ನುತ್ತಿದ್ದನಂತೆ. ಅಡುಗೆಯ ಹೊಸ ಹುಡುಗಿ ಹಿಸುಕಿದ ಬಟಾಟೆ ಕೇಳುತ್ತಿದ್ದಾನೆ ಅಂದುಕೊಂಡು ಬಟಾಟೆ ಕುದಿಸಲು ಹೊರಟಿದ್ದಳು. ಅಕ್ಕ ಹೋಗಿ ಚಹಾ ಮಾಡಿ ಕೊಟ್ಟಳು. ಮುದುಕ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲವಂತೆ.

"ನೀ ಬಚ್ಚಲ ಬಾಗಲದಾಗ ನಿಂತು ಒದರಿದ್ದು ನೆನಪಾತಲೇ," ಅಂದಳು ಅಕ್ಕ.

ಇಷ್ಟು ಸಾಕಲ್ಲ ನನಗೆ. ಎದ್ದು ನಿಂತೆ. ಎದೆ ಉಬ್ಬಿಸಿದೆ. ಮೊದಲು ಮೇಡಂ ದನಿಯಲ್ಲಿ ನನಗೇ ಶಹಬ್ಬಾಸ್ ಹೇಳಿಕೊಂಡೆ, ಆಮೇಲೆ ಆ ಮುದುಕನ ದನಿಯಲ್ಲಿ, ಆಮೇಲೆ ನನ್ನದರಲ್ಲಿ: "ಕೇಳಿದ್ರಿಲ್ಲೋ ಎಲ್ಲಾರೂ? ನಾನೂ ಅದನ್ನ ಹೇಳಾಕತ್ತೀನಿ. ಅಕ್ಕಗ ಈ ನೌಕರಿ ಕೊಡಿಸಿದ್ದು ಯಾವುದು? ಈ ಬಾಯಿ!"

ಅವ್ವ ಹುಟ್ಟಿಗಾಗಿ ಸುತ್ತ ನೋಡಿದಳು. ಹೊರಸಿನ ಮೇಲಿದ್ದ ಆಯಿ ಬಶಿಯಲ್ಲಿದ್ದ ಚಹಾ ಪೂರ್ತಿ ಹೀರಿ, ಬಶಿ ಕೆಳಗಿಟ್ಟು, ಬಾಯಿ ಒರೆಸಿಕೊಂಡು ಹೇಳಿದಳು:

"ನಿನ್ನ ಬಾಯಲ್ಲೋ ಹುಚ್ಚಪ್ಯಾಲಿ, ನನ್ನ ಕೌದಿ. ಅದು ನಿನ್ನ ಬಾಯಿ ಮುಚ್ಚಿದ ಮ್ಯಾಲನ ಅಕಿ ಬಾಯಿ ತಗದದ್ದು."